ನೋಡಲು ಬಂದವನು

ಅವನ ಬೂಟುಗಳು ಹೊಸವು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವೇ. ಮುಖ ನೋಡಿದ್ದು ಆಮೇಲೆ.

ಕುದುರೆಗಳ ಜೊತೆ ಬದುಕುವವರ ಬೂಟು ಹೇಗಿರುತ್ತದೆಂದು ನನಗೆ ಗೊತ್ತು. ಹಿಮ್ಮಡಿ ಸವೆದಿರುತ್ತದೆ, ಲದ್ದಿಯ ಬಣ್ಣ ಚರ್ಮಕ್ಕೇ ಇಳಿದಿರುತ್ತದೆ. ಇವನವು ಅಂಗಡಿಯ ಗಾಜಿನ ಹಿಂದಿನಿಂದ ಆಗಷ್ಟೇ ಇಳಿದು ಬಂದಂತೆ ಮಿನುಗುತ್ತಿದ್ದವು. ಅಂಥ ಬೂಟು ಹಾಕಿಕೊಂಡು ನಮ್ಮ ಅಂಗಳಕ್ಕೆ ಬರುವವರು ವ್ಯಾಪಾರಿಗಳು ಮಾತ್ರ.

"ನೀನು ಆಲ್ದೀಸ್ ತಾನೇ? ನಾನು ಬೆರ್ಗುರ್. ಲೋವಾನ ನೋಡೋಕೆ ಬಂದೆ."

ನಮ್ಮ ಕೊಲ್ಲಿಯ ಸೀಮೆಯಲ್ಲಿ ಕುದುರೆ ನೋಡಲು ಬರುವುದೆಂದರೆ ಕೊಳ್ಳಲು ಬರುವುದೆಂದೇ ಅರ್ಥ. ಹಿಂದಿನ ಸಂಜೆ ಊಟಕ್ಕೆ ಕೂತಾಗ ಅಪ್ಪನೂ ಅದೇ ಮಾತು ಹೇಳಿದ್ದ. "ನಾಳೆ ಒಬ್ಬ ಬರ್ತಾನೆ, ಲೋವಾನ ನೋಡೋಕೆ. ಹಳೇ ಆಳುಮನೇಲಿ ಇರ್ತಾನೆ." ಅಷ್ಟೇ. ಅಪ್ಪ ಮಾತನ್ನು ಉಪ್ಪಿನಂತೆ ಬಳಸುವ ಮನುಷ್ಯ. ಯಾರು, ಎಲ್ಲಿಂದ, ಯಾಕೆ ಎಂದು ನಾನು ಕೇಳುವಷ್ಟರಲ್ಲಿ ಆಲೂಗಡ್ಡೆಯ ಪಾತ್ರೆಯನ್ನು ನನ್ನ ಕಡೆ ತಳ್ಳಿಬಿಟ್ಟಿದ್ದ.

"ನೋಡೋಕೆ ಬಂದಿದ್ರೆ ಮೊದಲು ಬೂಟು ಅದ್ದು," ಎಂದು ಲಾಯದ ಬಾಗಿಲಲ್ಲಿದ್ದ ಔಷಧಿ ನೀರಿನ ತೊಟ್ಟಿ ತೋರಿಸಿದೆ. "ಎಲ್ಲೆಲ್ಲಿ ತಿರುಗಿ ಬಂದಿದೀಯೋ ಯಾರಿಗೆ ಗೊತ್ತು."

"ಇವು ಹೊಸವು."

"ಅದು ನನಗೂ ಕಾಣ್ತಿದೆ."

ಅವನು ಎರಡೂ ಕಾಲು ಅದ್ದಿದ. ತುಟಿಯ ಒಂದು ಕೊನೆ ಮಾತ್ರ ನಕ್ಕಿತು. ಕಣ್ಣು ನನ್ನ ಕಡೆಗಿರಲಿಲ್ಲ, ನನ್ನ ಭುಜದಾಚೆ ಎಲ್ಲೋ ಸಮುದ್ರದ ಕಡೆಗಿತ್ತು. ನೇರ ಮುಖ ನೋಡದವರನ್ನು ನಾನು ನಂಬುವುದಿಲ್ಲ. ಅವು ತೀರ ಚಂದದ ಕಣ್ಣುಗಳಾಗಿದ್ದರಂತೂ ಇನ್ನೂ ನಂಬುವುದಿಲ್ಲ.

ಲೋವಾ ಎಂಬುದು ನಮ್ಮಲ್ಲಿ ವಸಂತವನ್ನು ಕರೆತರುವ ಹಕ್ಕಿಯ ಹೆಸರು. ಏಪ್ರಿಲ್ಲಿನ ಹಿಮಗಾಳಿಯಲ್ಲಿ ಹುಟ್ಟಿ ಕಾಲುವೆಗೆ ಜಾರಿದ್ದ ಆ ಕುದುರೆಮರಿಯನ್ನು ನಾನೇ ಸ್ವೆಟರ್ ಬಿಚ್ಚಿ ಸುತ್ತಿ ಹೊತ್ತು ತಂದಿದ್ದೆ. ದೊಡ್ಡವಳಾದ ಮೇಲೆ ಅವಳ ನಡಿಗೆ ನೋಡಲು ಜನ ಬೇಲಿಗೆ ಒರಗಿ ನಿಲ್ಲುತ್ತಿದ್ದರು. ಬೆನ್ನ ಮೇಲೆ ತುಂಬಿದ ಕಾಫಿ ಹಿಡಿದು ಕೂತರೂ ಹನಿ ತುಳುಕದ ಓಟ ಅದು. ನಾವು ಅದಕ್ಕೆ ಟೋಲ್ಟ್ ಎನ್ನುತ್ತೇವೆ.

ಈ ಬೇಸಿಗೆಯಲ್ಲಿ ಅದೇ ಲೋವಾ ತಲೆ ಕೊಡವತೊಡಗಿದಳು. ನಡಿಗೆ ಮುರಿಯಿತು. ಕೊನೆಗೊಂದು ದಿನ ಮುಂಗಾಲೆತ್ತಿ ನಿಂತು ಅಪ್ಪನನ್ನು ಕಲ್ಲಿನ ಮೇಲೆ ಕೆಡವಿದಳು. ಅಪ್ಪನ ಭುಜದ ಮೂಳೆ ಮುರಿಯಿತು. ನಾನು ಅವಳನ್ನು ಹತ್ತಕೂಡದೆಂದು ಅಪ್ಪ ಕಟ್ಟಪ್ಪಣೆ ಮಾಡಿದ. ಪಕ್ಕದ ಫಾರ್ಮಿನ ಸವಾರ ಬಂದು ಕಡಿವಾಣದ ಮೂಗುಪಟ್ಟಿಯನ್ನು ಇನ್ನೂ ಬಿಗಿದು ಪ್ರಯತ್ನಿಸಿದ; ಅವನೂ ಕೆಸರು ಮುಕ್ಕಿದ. ಆಮೇಲೆ ಲೋವಾಳನ್ನು ಲಾಯದ ಮೂಲೆಯಲ್ಲಿ ಒಂಟಿಯಾಗಿ ಕಟ್ಟಿಹಾಕಿದರು.

"ಕೆಟ್ಟುಹೋದ ಕುದುರೆ," ಎಂದಿದ್ದ ಅಪ್ಪ. "ಜರ್ಮನಿಯವರು ಕೇಳಿದಾರೆ. ಒಪ್ಪಿದ್ರೆ ಅಲ್ಲಿಗೆ ಹೋಗ್ಲಿ. ಇಲ್ಲಾಂದ್ರೆ ಕಸಾಯಿಖಾನೆ."

ನಮ್ಮ ದ್ವೀಪದಿಂದ ಹೊರಗೆ ಹೋದ ಕುದುರೆ ಮತ್ತೆ ಈ ನೆಲಕ್ಕೆ ಕಾಲಿಡುವಂತಿಲ್ಲ. ಹೊರಗಿನ ರೋಗ ಬರಬಾರದೆಂದು ಮಾಡಿದ ಕಾನೂನು. ವಿಮಾನ ಹತ್ತಿದಳೆಂದರೆ ಮುಗಿಯಿತು. ನನ್ನ ಲೋವಾ ಇನ್ನೆಂದೂ ನನ್ನ ಅಂಗಳದಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಆ ಮಿನುಗುವ ಬೂಟುಗಳನ್ನು ಕಂಡು ನನ್ನ ಮೈಯೆಲ್ಲ ಉರಿಯಿತು.

ಆದರೆ ಅವನು ಎಂಥ ವ್ಯಾಪಾರಿ ಎನ್ನುವುದು ಬಗೆಹರಿಯಲಿಲ್ಲ. ಹಲ್ಲು ನೋಡಲಿಲ್ಲ, ಗೊರಸು ಎತ್ತಿಸಲಿಲ್ಲ, ಹತ್ತಿ ನೋಡುವ ಮಾತೇ ಆಡಲಿಲ್ಲ. ಮೊದಲ ದಿನವೇ ಅಪ್ಪನನ್ನು ಕೇಳಿ ಲೋವಾಳನ್ನು ಹೊರಗಿನ ಹುಲ್ಲಿಗೆ, ನಮ್ಮ ಮುದಿ ಗಂಡುಕುದುರೆ ಸೋಪಿಯ ಪಕ್ಕಕ್ಕೆ ಬಿಡಿಸಿದ. ಅವೆರಡೂ ಒಂದರ ಹೆಗಲನ್ನು ಇನ್ನೊಂದು ಹಲ್ಲಿನಿಂದ ಕೆರೆಯುತ್ತ ನಿಂತವು.

"ಮಾರೋ ಮುಂಚೆ ಮೈ ತುಂಬಿಸ್ತಿದೀಯಾ?" ಎಂದು ಕೇಳಿದೆ.

"ಒಂಟಿಯಾಗಿ ಇರೋದು ಕುದುರೆಗೆ ಆಗಲ್ಲ," ಎಂದ. "ಹೆದರಿದಾಗ ಪಕ್ಕದಲ್ಲಿ ಇನ್ನೊಂದು ಇರಬೇಕು."

"ಮನುಷ್ಯರಿಗೋ?"

"ಕೆಲವರಿಗೆ ಹೇಗೋ ನಡೆಯುತ್ತೆ. ಅಂಥವರು ಎಲ್ಲರ ಬೂಟು ತೊಳೆಸ್ತಾ ಇರ್ತಾರೆ."

ನಾನು ನಗಲಿಲ್ಲ. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕೆ.

ಆಮೇಲೆ ಶುರುವಾಯಿತು ಫೋಟೋ. ಕಣ್ಣಿನ ಫೋಟೋ, ಕಿವಿಯ ಫೋಟೋ, ಮೂಗಿನ ಹೊಳ್ಳೆಯ ಫೋಟೋ. ಇಡೀ ಕುದುರೆಯ ಒಂದು ಒಳ್ಳೆ ಚಿತ್ರ ಬೇಡವಂತೆ!

"ಯಾರಿಗೆ ಕಳಿಸ್ತೀಯ ಅದನ್ನೆಲ್ಲ?"

"ಸ್ವೀಡನ್ನಿನಲ್ಲಿ ನನ್ನ ಟೀಚರ್ ಇದಾರೆ, ಉಲ್ರಿಕಾ ಅಂತ. ಕುದುರೆ ಮುಖ ಓದೋದರಲ್ಲಿ ಅವರು ಎತ್ತಿದ ಕೈ." ಅವನು ಲೋವಾಳ ಕಣ್ಣಿನ ಮೇಲ್ಭಾಗ ತೋರಿಸಿದ. "ಇಲ್ಲಿ ಸುಕ್ಕು ಕಾಣ್ತಿದೆಯಾ? ಹೊಳ್ಳೆ ಬಿಗಿದಿದೆ, ಗಲ್ಲ ಗಟ್ಟಿಯಾಗಿದೆ. ನೀವೆಲ್ಲ ಇವಳನ್ನ ಹಟಮಾರಿ ಅಂತೀರಿ. ಹಟ ಮಾಡೋ ಮುಖ ಅಲ್ಲ ಇದು."

"ಮತ್ತೆ?"

"ಇನ್ನೂ ಗೊತ್ತಿಲ್ಲ. ಗೊತ್ತಾದ ಮೇಲೆ ಹೇಳ್ತೀನಿ." ಒಂದು ಕ್ಷಣ ತಡೆದು, "ನಿನ್ನ ಹುಬ್ಬಿನ ಮೇಲೂ ಇಂಥದ್ದೇ ಸುಕ್ಕಿದೆ," ಎಂದ.

ಸ್ವೀಡನ್! ಹೊರದೇಶದ ಟೀಚರಂತೆ, ಮುಖ ಓದುತ್ತಾರಂತೆ. ಕಿವಿಗೆ ಹೂ ಇಡಲು ನಾನೇ ಸಿಕ್ಕಿದೆನೇ? ಆದರೂ ಆ ಸಂಜೆ ಕನ್ನಡಿಯ ಮುಂದೆ ನಿಂತು ಹುಬ್ಬಿನ ಮೇಲೆ ಬೆರಳಾಡಿಸಿದ್ದು ಸುಳ್ಳಲ್ಲ.

ಅವನು ಲೋವಾಳ ಹತ್ತಿರ ಹೋಗುವ ರೀತಿಯನ್ನು ನಾನು ಬೇಲಿಯಾಚೆಯಿಂದ ಗಮನಿಸುತ್ತಿದ್ದೆ. ಎಂದೂ ಎದುರಿನಿಂದ ಹೋಗುತ್ತಿರಲಿಲ್ಲ. ಬಳಸಿಕೊಂಡು, ಪಕ್ಕದಿಂದ, ಬೇರೆಲ್ಲೋ ನೋಡುತ್ತ. ಅವಳ ಕಿವಿ ಹಿಂದಕ್ಕೆ ಬಾಗಿತೋ, ನಿಂತುಬಿಡುತ್ತಿದ್ದ. ಅವಳು ನಿಟ್ಟುಸಿರು ಬಿಟ್ಟೊಡನೆ ಬೆನ್ನು ತಿರುಗಿಸಿ ಹೊರಟೇಬಿಡುತ್ತಿದ್ದ. ಲೋವಾ ಕತ್ತು ಚಾಚಿ ಅವನು ಹೋದ ದಿಕ್ಕನ್ನೇ ನೋಡುತ್ತಿದ್ದಳು.

"ಎದುರಿಗೆ ಹೋದರೆ ಏನಾಗುತ್ತೆ?" ಒಂದು ದಿನ ತಡೆಯಲಾರದೆ ಕೇಳಿದೆ.

"ಎದುರಿಗೆ ದುರುಗುಟ್ಟಿಕೊಂಡು ಬರೋದು ಬೇಟೆಯಾಡೋ ಪ್ರಾಣಿ. ಅದೂ ಅಲ್ದೆ ಮೂಗಿನ ಮುಂದೇನೇ ಇರೋದು ಕುದುರೆಗೆ ಕಾಣಲ್ಲ. ಕಣ್ಣು ಪಕ್ಕದಲ್ಲಿವೆಯಲ್ಲ."

"ಕಾಣದೆ ಇದ್ರೆ ಏನು ಮಾಡುತ್ತೆ?"

"ನಂಬಿಕೆ ಇದ್ರೆ ತುಟಿಯಿಂದ ಮುಟ್ಟಿ ನೋಡುತ್ತೆ," ಎಂದ. ಹೇಳುತ್ತ ಹೇಳುತ್ತ ಅವನ ಕಿವಿಗಳು ಕೆಂಪಾದವು. ನನ್ನವು ಟೊಪ್ಪಿಯ ಒಳಗಿದ್ದವು, ಪುಣ್ಯ.

ಮರುದಿನ ನಾನು ಬೇಲಿಗೆ ತಂತಿ ಬಿಗಿಯುತ್ತಿದ್ದಾಗ ಅವನು ಕಾಫಿ ತಂದ. ಸೀದಾ ದಾರಿಯಿದ್ದರೂ ಕಲ್ಲಿನ ಗುಡ್ಡೆ ಬಳಸಿಕೊಂಡು ಪಕ್ಕದಿಂದ ಬಂದ. ನಾನು ತಲೆಯೆತ್ತಿದಾಗ ನಿಂತ. ಕಂಬದ ಮೇಲೆ ಕಪ್ಪು ಇಟ್ಟು, ಸಮುದ್ರ ನೋಡುತ್ತ, "ಗಾಳಿ ಜೋರಿದೆ ಅಲ್ವಾ," ಎಂದ. ನಾನು ಒಂದು ಗುಟುಕು ಕುಡಿದು ಉಸಿರು ಬಿಟ್ಟೆ. ತಕ್ಷಣ ಹೊರಟುಹೋದ!

ನಾನು ಕಪ್ಪು ಹಿಡಿದು ಅವನ ಬೆನ್ನನ್ನೇ ನೋಡುತ್ತ ನಿಂತಿದ್ದೆ. ಆಗ ಹೊಳೆಯಿತು. ನನ್ನನ್ನು ಪಳಗಿಸುತ್ತಿದ್ದಾನೆ! ಕುದುರೆಯನ್ನು ಒಯ್ಯಬೇಕಾದರೆ ಮನೆಯ ಹುಡುಗಿ ರಂಪ ಮಾಡಬಾರದಲ್ಲ. ಮೊದಲು ಅವಳನ್ನು ಸಾಧು ಮಾಡಿಕೊಳ್ಳುವ ಉಪಾಯ. ಕಾಫಿ ಚೆಲ್ಲಬೇಕೆನಿಸಿತು. ಚೆನ್ನಾಗಿತ್ತು, ಕುಡಿದುಬಿಟ್ಟೆ.

ಶುಕ್ರವಾರ ಮಧ್ಯಾಹ್ನ ನನ್ನ ಅನುಮಾನಕ್ಕೆ ಬೇರೆ ಸಾಕ್ಷಿಯೇ ಬೇಡವಾಯಿತು. ಹುಲ್ಲಿನ ಉರುಳೆಗಳ ಹಿಂದೆ ನಿಂತು ಅವನು ಫೋನಿನಲ್ಲಿ ಸ್ವೀಡಿಶ್ ಮಾತಾಡುತ್ತಿದ್ದ. ಶಾಲೆಯಲ್ಲಿ ಎಲ್ಲರಂತೆ ನಾನೂ ಡ್ಯಾನಿಶ್ ಕಲಿತವಳು. ಎರಡೂ ಹತ್ತಿರದ ಭಾಷೆಗಳು, ಸ್ವೀಡಿಶ್ ಅರ್ಧಂಬರ್ಧ ತಿಳಿಯುತ್ತದೆ. "ಅವಳು ತುಂಬಾ ರೂಲಿಗ್," ಎನ್ನುತ್ತಿದ್ದ. ಮತ್ತೆ ನಗುತ್ತ, "ನಿಜವಾಗ್ಲೂ, ಅಷ್ಟು ರೂಲಿಗ್! ಕರ್ಕೊಂಡು ಬರೋದಾದ್ರೆ ವಿಮಾನದಲ್ಲೇ ಕರ್ಕೊಂಡು ಬರ್ತೀನಿ."

ಆ ಮಾತು ನಮ್ಮಲ್ಲೂ ಇದೆ, ಡ್ಯಾನಿಶ್‌ನಲ್ಲೂ ಇದೆ. ಶಾಂತ ಸ್ವಭಾವ ಎಂದರ್ಥ. ಅಪ್ಪನ ಮೂಳೆ ಮುರಿದ ಕುದುರೆಯನ್ನು ಶಾಂತ ಎಂದು ಹೇಳಿ ಮಾರುತ್ತಿದ್ದಾನೆ! ಜರ್ಮನಿಯವರಾಗದಿದ್ದರೆ ಸ್ವೀಡನ್ನಿನವರು. ಅಲ್ಲಿ ಯಾರನ್ನೋ ಕೆಡವುತ್ತಾಳೆ, ಅವರು ಹೊಡೆಯುತ್ತಾರೆ, ಆಮೇಲೆ ಏನಾದಳೆಂದು ನನಗೆ ತಿಳಿಯುವುದೂ ಇಲ್ಲ. ನನಗೆ ಅಳು ಬಂತು. ಲೋವಾಳಿಗಾಗಿಯೇ ಅತ್ತೆ. ಸ್ವಲ್ಪ ಭಾಗ ನನಗಾಗಿಯೂ ಇತ್ತು, ಯಾಕೆಂದರೆ ಆ ನಗುವನ್ನು ನಾನು ನಂಬಲು ಶುರು ಮಾಡಿದ್ದೆ.

ಶನಿವಾರ ಜರ್ಮನಿಯವರು ಬರುವ ದಿನ. ಪಕ್ಕದ ಫಾರ್ಮಿನ ಸವಾರ ಅವರೆದುರು ಲೋವಾಳನ್ನು ಓಡಿಸಿ ತೋರಿಸುವುದೆಂದು ಮಾತಾಗಿತ್ತು. ಬೆಳಕು ಹರಿಯುತ್ತಿದ್ದಂತೆ ನಾನು ಲಾಯಕ್ಕೆ ಓಡಿದೆ. ನದಿ ದಾಟಿ, ನನ್ನ ಗೆಳತಿಯ ಬೆಟ್ಟದ ಹುಲ್ಲುಗಾವಲಿಗೆ ಅವಳನ್ನು ಮುಟ್ಟಿಸಿಬಿಡಬೇಕು. ಆಮೇಲಿನದು ಆಮೇಲೆ.

ಗೋಡೆಯ ಮೊಳೆಯಲ್ಲಿ ಲೋವಾಳ ಕಡಿವಾಣ ಇರಲಿಲ್ಲ. ಪೆಟ್ಟಿಗೆಯಲ್ಲಿಲ್ಲ, ಜೀನಿನ ಕೆಳಗಿಲ್ಲ. ಯಾರ ಕೆಲಸವೆಂದು ಕೇಳಬೇಕೆ? ನಾನು ಹೀಗೆ ಓಡುತ್ತೇನೆಂದು ಊಹಿಸಿ ಬಚ್ಚಿಟ್ಟಿದ್ದಾನೆ, ಖದೀಮ! ಹಲ್ಲು ಕಚ್ಚಿ, ಹುಲ್ಲಿನಲ್ಲಿದ್ದ ಲೋವಾಳಿಗೆ ಬಾಯಿಗೆ ಏನನ್ನೂ ಹಾಕದ ಬರೀ ತಲೆಹಗ್ಗ ಕಟ್ಟಿ, ಜೀನಿಲ್ಲದ ಬೆನ್ನಿಗೆ ಹಾರಿ ಕೂತೆ. ಕೆಡವಿದರೆ ಕೆಡವಲಿ ಎಂದುಕೊಂಡೆ.

ಲೋವಾ ಕೆಡವಲಿಲ್ಲ. ಗೇಟು ದಾಟಿದಳು, ಕಿವಿ ಮುಂದೆ ಮಾಡಿದಳು, ಕತ್ತು ಎತ್ತಿದಳು. ಮತ್ತೆ ಆ ಓಟ. ಇಡೀ ಬೇಸಿಗೆ ಕಳೆದುಹೋಗಿದ್ದ, ಒಂದು ಹನಿಯೂ ತುಳುಕದ ಆ ಓಟ! ಅವಳ ಬೆನ್ನು ನನ್ನ ಕೆಳಗೆ ಹಾಡಿನಂತೆ ಹರಿಯಿತು. ತಲೆ ಒಮ್ಮೆಯೂ ಕೊಡವಲಿಲ್ಲ. ನಾನು ಜೋರಾಗಿ ನಗುತ್ತಿದ್ದೆ, ಗಾಳಿಗೆ ಕಣ್ಣೀರು ಕಿವಿಯ ಕಡೆ ಓಡುತ್ತಿತ್ತು.

ನದಿಯ ಗೇಟಿನ ಬಳಿ ಬೆರ್ಗುರ್ ನಿಂತಿದ್ದ. ಅವನಿದ್ದ ಆಳುಮನೆ ಅಲ್ಲೇ. ಕೈಯಲ್ಲಿ ಕಡಿವಾಣ.

"ಕಳ್ಳ!" ಎಂದು ಕೂಗಿದೆ.

"ಹೌದು," ಎಂದ. "ಇವತ್ತು ಆ ಸವಾರ ಬಂದು ಇದನ್ನ ಮತ್ತೆ ಬಿಗೀತಿದ್ದ. ಅದಕ್ಕೇ ಬಚ್ಚಿಟ್ಟೆ. ಅವಳು ಹೇಗೆ ಬಂದ್ಲು ನೋಡಿದೆಯಾ?"

ನೋಡಿದ್ದೆ.

"ನೋವು ಬಾಯಲ್ಲಿರಬಹುದು ಅಂತ ಮೊದಲ ದಿನದಿಂದಲೂ ಅನುಮಾನ," ಎಂದ. "ಉಲ್ರಿಕಾನೂ ಫೋಟೋ ನೋಡಿ ನಿನ್ನೆ ಅದೇ ಹೇಳಿದ್ರು. ಆದ್ರೆ ಬಾಯಿ ತೆರೆದು ನೋಡ್ಬೇಕಲ್ಲ. ನನಗೆ ಅವಳು ಬಾಯಿ ಮುಟ್ಟೋಕೆ ಬಿಡಲ್ಲ, ನಿನಗೆ ಬಿಡ್ತಾಳೆ. ನಿನ್ನನ್ನ ಕೇಳೋಣ ಅಂದ್ರೆ ನೀನು ನನ್ನ ಹತ್ತಿರಾನೇ ಸೇರಿಸಲ್ಲ."

"ನಿನ್ನೆ ಫೋನಲ್ಲಿ ಏನಂದೆ? ನಾನು ಕೇಳಿಸ್ಕೊಂಡೆ. ತುಂಬಾ ರೂಲಿಗ್, ವಿಮಾನದಲ್ಲಿ ಕರ್ಕೊಂಡು ಬರ್ತೀನಿ ಅಂತ!"

ಅವನ ಮುಖ ಕತ್ತಿನಿಂದ ಹಣೆಯವರೆಗೆ ಕೆಂಪಾಯಿತು. ಸಿಕ್ಕಿಬಿದ್ದ ಎಂದುಕೊಂಡೆ.

"ಅದಕ್ಕೆ ಆಮೇಲೆ ಉತ್ತರ ಹೇಳ್ತೀನಿ," ಎಂದ ತಗ್ಗಿದ ದನಿಯಲ್ಲಿ. "ಮೊದಲು ಅವಳ ಬಾಯಿ ನೋಡು. ದಯವಿಟ್ಟು."

ನಾನು ಇಳಿದೆ. ಲೋವಾಳ ಕೆನ್ನೆ ಸವರಿ, ತುಟಿಯ ಕೊನೆಯಲ್ಲಿ ಹೆಬ್ಬೆರಳಿಟ್ಟು ಬಾಯಿ ಬಿಡಿಸಿದೆ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ, ಕಡಿವಾಣದ ಕಬ್ಬಿಣ ಕೂರುವ ಬರಿ ವಸಡಿನ ಜಾಗದಲ್ಲಿ, ಆಳವಾದ ಹುಣ್ಣು. ಒಳಕೆನ್ನೆ ಹಲ್ಲಿಗೆ ಒತ್ತಿ ಹರಿದಿತ್ತು. ಮೂಗುಪಟ್ಟಿ ಬಿಗಿದಷ್ಟೂ ಅವಳಿಗೆ ಬಾಯಿ ತೆರೆದು ನೋವು ತಪ್ಪಿಸಿಕೊಳ್ಳುವುದಕ್ಕೂ ದಾರಿಯಿರಲಿಲ್ಲ. ಬೇಸಿಗೆಯಿಂದ ಅವಳು ತಲೆ ಕೊಡವಿ ಕೊಡವಿ ಹೇಳಿದ್ದಳು. ನಾವು ಪಟ್ಟಿ ಬಿಗಿದೆವು.

ತಲೆಹಗ್ಗ ಹಿಡಿದು ಮನೆಯ ಕಡೆ ನಡೆದೆ. ಅವನು ಪಕ್ಕದಲ್ಲಿ, ಒಂದಿಷ್ಟು ದೂರ ಬಿಟ್ಟು ಬಂದ.

ಅಪ್ಪ ಅಂಗಳದಲ್ಲೇ ನಿಂತಿದ್ದ, ಒಂದು ಕೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ. ಅಡುಗೆಮನೆಯ ಕಿಟಕಿಯಿಂದ ನನ್ನ ಓಟವನ್ನೆಲ್ಲ ನೋಡಿದ್ದನೆಂದು ಅವನ ಮುಖವೇ ಹೇಳುತ್ತಿತ್ತು. ಬೈಯುತ್ತಾನೆಂದು ಕಾದೆ. ಅವನು ಲೋವಾಳ ಬಳಿ ಬಂದ. ನಾನು ತುಟಿ ಬಿಡಿಸಿ ತೋರಿಸಿದೆ. ಅಪ್ಪ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಬೆರ್ಗುರ್‌ನ ಕೈಯಿಂದ ಕಡಿವಾಣ ತೆಗೆದುಕೊಂಡು ಮೂಗುಪಟ್ಟಿಯ ರಂಧ್ರಗಳ ಮೇಲೆ ಹೆಬ್ಬೆರಳಾಡಿಸಿದ.

"ಈ ಕೊನೇ ತೂತು ಮಾಡಿದ್ದು ನಾನೇ," ಎಂದ.

"ಸುಮಾರು ಜನ ಹಾಗೇ ಬಿಗೀತಾರೆ," ಎಂದ ಬೆರ್ಗುರ್ ಮೆಲ್ಲಗೆ. "ಪಟ್ಟಿ ಕೆಳಗೆ ಎರಡು ಬೆರಳು ಹೋಗ್ಬೇಕು. ಡಾಕ್ಟರ್ ಬಂದು ಹುಣ್ಣು ನೋಡ್ಲಿ. ಮಾಯೋವರೆಗೆ ಬಾಯಿಗೆ ಏನೂ ಬೇಡ. ಆಮೇಲೂ ಇವಳಿಗೆ ಬೇಕಾಗಲ್ವೇನೋ, ಈಗ ನೀವೇ ನೋಡಿದ್ರಲ್ಲ."

ಅಪ್ಪ ಎಡಗೈಯಿಂದ ತಡಕಾಡಿ ಫೋನ್ ತೆಗೆದ. ಜರ್ಮನಿಯವರಿಗೆ ಹೇಳಿದ್ದು ಎರಡೇ ಮಾತು. "ಬರಬೇಡಿ. ಕುದುರೆ ಮಾರೋಕಿಲ್ಲ." ಫೋನ್ ಜೇಬಿಗೆ ಹಾಕಿ ಲೋವಾಳ ಹಣೆಯ ಕೂದಲನ್ನು ಸರಿಮಾಡಿದ. ಅವಳು ತಲೆ ಹಿಂದೆಳೆದುಕೊಂಡಳು. ಅಪ್ಪ ಕೈ ಕೆಳಗಿಳಿಸಿ, ಅವಳಿಗೆ ಬೇಕಾದಷ್ಟು ದೂರ ಸರಿದು ನಿಂತ. ಅವನ ಕಣ್ಣು ಒದ್ದೆಯಾದದ್ದನ್ನು ನಾನು ಕಾಣದವಳಂತೆ ನಟಿಸಿದೆ.

"ಅಲ್ಲಪ್ಪಾ, ಇವನು ವ್ಯಾಪಾರಿ ಅಲ್ಲ ಅಂತ ಒಂದು ಮಾತು ಹೇಳೋಕೆ ನಿನಗೇನಾಗಿತ್ತು?"

"ಹೇಳಿದ್ನಲ್ಲ ದೀಸಾ. ನೋಡೋಕೆ ಬರ್ತಾನೆ ಅಂತ," ಎಂದ ಅಪ್ಪ. "ಕುದುರೆ ಶಾಲೆಯೋರಿಗೆ ನಾನೇ ಫೋನ್ ಮಾಡಿದ್ದು. ಮಾರೋ ಮುಂಚೆ ಒಂದು ಸಲ ನೋಡ್ಲಿ ಅಂತ. ಅವರು ಇವನನ್ನ ಕಳಿಸಿದ್ರು." ಕಡಿವಾಣವನ್ನು ಹೆಗಲಿಗೆ ಹಾಕಿಕೊಂಡು ಲಾಯದೊಳಗೆ ಹೋದ.

ಅಂಗಳದಲ್ಲಿ ನಾವಿಬ್ಬರು ಉಳಿದೆವು. ಲೋವಾ ಸೋಪಿಯ ಬಳಿಗೆ ಹೋಗಿ ಅವನ ಬೆನ್ನಿನ ಮೇಲೆ ಗಲ್ಲವಿಟ್ಟು ನಿಂತಳು.

ಬೆರ್ಗುರ್ ಅಂಗಳದಲ್ಲಿ ನಿಂತಿದ್ದ ಹುಲ್ಲಿನ ಬಂಡಿಯನ್ನು ಬಳಸಿಕೊಂಡು ಪಕ್ಕದಿಂದ ಬರತೊಡಗಿದ. ನಾನು ಕೈಕಟ್ಟಿದೆ. ಅವನು ನಿಂತ.

"ಆ ಬೂಟು?" ಎಂದೆ. ಅನುಮಾನದ ಗಂಟನ್ನು ಪೂರ್ತಿ ಬಿಚ್ಚದೆ ಬಿಡುವವಳಲ್ಲ ನಾನು.

"ಕಲಿತು ವಾಪಸ್ ಬರೋವಾಗ ಹಳೇದನ್ನ ಸ್ವೀಡನ್ನಿನಲ್ಲೇ ಬಿಟ್ಟು ಬಂದೆ. ಅಲ್ಲಿನ ಲಾಯದಲ್ಲಿ ತುಳಿದಾಡಿದ ಬೂಟು ಇಲ್ಲಿಗೆ ತರೋ ಹಾಗಿಲ್ಲ. ಇಲ್ಲಿ ಮಕ್ಕಳಿಗೂ ಗೊತ್ತು."

ಗೊತ್ತು. ಅದೇ ಕಾನೂನಿನ ಭಯದಲ್ಲಿ ಅಷ್ಟೂ ದಿನ ಕಣ್ಣೀರು ಹಾಕಿದವಳು ನಾನು. ಇಲ್ಲಿನ ಕುದುರೆಗಳ ಮೇಲಿನ ಪ್ರೀತಿಗೆ ತನ್ನ ಒಳ್ಳೆಯ ಬೂಟು ಬಿಟ್ಟು ಬಂದವನನ್ನು, ಆ ಬೂಟಿನಿಂದಲೇ ಕಳ್ಳನೆಂದು ತೀರ್ಮಾನಿಸಿದ್ದೆ. ನಾಚಿಕೆಯಾಯಿತು. ಆದರೆ ಇನ್ನೊಂದು ಗಂಟು ಬಾಕಿ ಇತ್ತು.

"ಸರಿ. ಮತ್ತೆ ಆ ರೂಲಿಗ್?"

ಅವನು ಸಮುದ್ರ ನೋಡಿದ, ಬೇಲಿ ನೋಡಿದ, ತನ್ನ ಬೂಟು ನೋಡಿದ. ಅವು ಈಗ ಕೆಸರಾಗಿದ್ದವು.

"ಸ್ವೀಡಿಶ್‌ನಲ್ಲಿ ಆ ಮಾತಿಗೆ ಶಾಂತ ಅಂತ ಅರ್ಥ ಇಲ್ಲ," ಎಂದ. "ಮಜಾ ಅಂತ. ಜೊತೆಗಿದ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ವಲ್ಲ, ಅಂಥವರಿಗೆ ಹೇಳೋದು. ಅದು ಲೋವಾ ವಿಷಯ ಅಲ್ಲ."

"ಮತ್ತೆ ಯಾರ ವಿಷಯ?"

"ಇಲ್ಲಿ ಒಬ್ಬಳಿದಾಳೆ. ಕಾಫಿ ಕೊಟ್ರೂ ಅನುಮಾನ ಪಡ್ತಾಳೆ. ಬಾಗಿಲು ಹಾಕ್ಕೊಂಡು ನಗ್ತಾಳೆ, ಹೊರಗೆ ಕೇಳಿಸಲ್ಲ ಅನ್ಕೊಂಡಿದಾಳೆ. ಅವಳನ್ನ ಒಂದು ಸಲ ಕರ್ಕೊಂಡು ಬಾ ಅಂದ್ರು ಉಲ್ರಿಕಾ."

ನನ್ನ ಎದೆ ಲೋವಾಳ ಗೊರಸಿನಂತೆ ಸದ್ದು ಮಾಡುತ್ತಿತ್ತು. "ನನ್ನನ್ನ ಶಾಂತ ಅಂತ ಇಲ್ಲೀವರೆಗೆ ಯಾರೂ ಅಂದಿಲ್ಲ," ಎಂದೆ.

"ನಾನೂ ಅಂದಿಲ್ಲ, ದೀಸಾ."

ಅಪ್ಪನನ್ನು ಬಿಟ್ಟರೆ ಆ ಹೆಸರು ಹಿಡಿದು ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ನಾನು ದೊಡ್ಡದೊಂದು ಉಸಿರು ಬಿಟ್ಟೆ. ಅವನು ಅದನ್ನು ಗಮನಿಸಿದ, ಮತ್ತು ಆ ಪುಣ್ಯಾತ್ಮ ಎಂದಿನಂತೆ ಬೆನ್ನು ತಿರುಗಿಸಿ ಹೊರಡಲು ಅಣಿಯಾದ!

"ಬೆರ್ಗುರ್!"

ನಿಂತ.

"ನಾನು ಕುದುರೆ ಅಲ್ಲ. ಬಳಸಿಕೊಂಡು ಬರೋದು ಬೇಡ, ಹೋಗೋದೂ ಬೇಡ. ಎದುರಿಗೆ ಬಾ."

ಅವನು ತಿರುಗಿದ. ಬಂದ ದಿನದಿಂದ ಮೊದಲ ಸಲ ನನ್ನ ಕಣ್ಣನ್ನೇ ನೋಡುತ್ತ, ಅಂಗಳದ ನಡುವಿನಿಂದ, ನೇರವಾಗಿ ನಡೆದು ಬಂದ. ನಾನು ಹಿಂದೆ ಸರಿಯಲಿಲ್ಲ. ಹತ್ತಿರ, ಇನ್ನೂ ಹತ್ತಿರ. ಕೊನೆಗೆ ಅವನ ಮುಖವೇ ಕಾಣದಷ್ಟು ಹತ್ತಿರ ಬಂದು ನಿಂತ.

ಮೂಗಿನ ಮುಂದೆ ಇರುವುದು ಕಾಣದಾದಾಗ ಲೋವಾ ತುಟಿಯಿಂದ ಏನು ಮಾಡುತ್ತಾಳೋ, ನಾನೂ ಅದನ್ನೇ ಮಾಡಿದೆ.